ಮುಂದಿನ ಗಾಲಿಗಳನ್ನು ಬಿಡಿಸಿದ ವರ್ಷ

ಹೋದ ವಾರ ಹೊಸದುರ್ಗದಿಂದ ಹೊಳಲ್ಕೆರೆಗೆ ಬರುವ ಬೆಳಗಿನ ಬಸ್ಸಿನಲ್ಲಿ ನನಗೆ ಡ್ರೈವರ್ ಪಕ್ಕದ ಉದ್ದ ಸೀಟಿನಲ್ಲಿ ಜಾಗ ಸಿಕ್ಕಿತ್ತು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಸಂತೆಯಲ್ಲಿ ಕೊಂಡ ಹೊಸ ಕಂಬಳಿಯನ್ನು ಮಡಿಸಿ ಎಂಜಿನ್ನಿನ ಬಾನೆಟ್ ಮೇಲಿಟ್ಟು, ಅದಕ್ಕೆ ಮೊಣಕೈ ಊರಿ ತೂಕಡಿಸುತ್ತಿದ್ದರು. ಬಸ್ಸು ಏರು ಹತ್ತುತ್ತಾ ಬಾನೆಟ್ ಕಾದು ಕಂಬಳಿಯಿಂದ ಮೆಲ್ಲಗೆ ಒಂದು ವಾಸನೆ ಎದ್ದಿತು. ಉಣ್ಣೆ, ಹುಣಸೆ ಬೀಜದ ಗಂಜಿ, ಎಂಜಿನ್ ಆಯಿಲ್ ಮೂರೂ ಸೇರಿ ಬಿಸಿಯಾದಾಗ ಬರುವ ವಾಸನೆ ಅದು.

“ಅಜ್ಜ, ಕಂಬಳಿ ತೆಗೀರಿ, ಗಂಜಿ ಸುಡ್ತೈತೆ” ಎಂದೆ.

“ಬೆಚ್ಚಗಾಗ್ಲಿ ಬಿಡವ್ವ” ಎಂದು ಅವರು ಕಣ್ಣು ಮುಚ್ಚಿಕೊಂಡರು.

ಹೊಳಲ್ಕೆರೆ ಬರುವವರೆಗೂ ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದೆ. ಇಳಿದು ನಾನು ಪಾಠ ಮಾಡುವ ಶಾಲೆಯ ಕಡೆ ನಡೆಯುವಾಗಲೂ ಆ ವಾಸನೆ ಸೆರಗಿನಲ್ಲೇ ಇತ್ತು. ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ನಮ್ಮ ಮನೆಯವರೆಲ್ಲ ಪಟ್ಟ ಆಯಾಸವೂ ಅದರ ಜೊತೆಗೇ ಬಂತು.

ಆ ವರ್ಷ ನಾನು ಚಿತ್ರದುರ್ಗದ ಹಾಸ್ಟೆಲ್ಲಿನಲ್ಲಿದ್ದುಕೊಂಡು ಟಿ.ಸಿ.ಎಚ್. ಓದುತ್ತಿದ್ದೆ. ನಮ್ಮ ಹಟ್ಟಿ ಇರುವುದು ಹಿರಿಯೂರಿನ ಈಚೆ, ಹೊಸದುರ್ಗದ ರಸ್ತೆಯ ಮಗ್ಗುಲಲ್ಲಿ. ಅಪ್ಪ ಕುರಿ ಮೇಯಿಸುತ್ತಿದ್ದ, ಬಿಡುವಿನಲ್ಲಿ ಕಂಬಳಿ ನೇಯುತ್ತಿದ್ದ. ಅವ್ವ ನೂಲು ತೆಗೆಯುತ್ತಿದ್ದಳು. ನೂಲು ಮಗ್ಗಕ್ಕೆ ಏರುವ ಮೊದಲು ಅದಕ್ಕೆ ಹುಣಸೆ ಬೀಜವನ್ನು ಅರೆದು ಕುದಿಸಿದ ಗಂಜಿ ಬಳಿಯಬೇಕು. ಇಲ್ಲದಿದ್ದರೆ ಎಳೆ ನಿಲ್ಲುವುದಿಲ್ಲ. ಮೊದಲ ಮಳೆಗಾಲ ಕಳೆದು ಗಂಜಿಯೆಲ್ಲ ಬಿಟ್ಟುಹೋಗುವವರೆಗೆ ನಮ್ಮ ಕಡೆಯ ಹೊಸ ಕಂಬಳಿ ಹಲಗೆಯಂತೆ ಸೆಟೆದುಕೊಂಡೇ ಇರುತ್ತದೆ. ಆ ಗಂಜಿ ಕಲಕಿ ಕಲಕಿ ಬೆಳೆದವಳು ನಾನು.

ದಿನಚರಿ ಬರೆಯುವ ಅಭ್ಯಾಸ ನನಗೆ ಹಾಸ್ಟೆಲ್ ಸೇರಿದ ದಿನದಿಂದ ಬಂತು. ತಾರೀಖು, ಗಾಳಿ, ಮಳೆ, ಓದಿದ ಪಾಠ, ಊರಿಗೆ ಹೋಗಿದ್ದರೆ ರೊಪ್ಪದಲ್ಲಿರುವ ಕುರಿ ಎಷ್ಟು, ಮರಿ ಎಷ್ಟು, ಇಷ್ಟೇ. ಆ ವರ್ಷ ಇನ್ನೊಂದು ಲೆಕ್ಕ ಸೇರಿತು. ಅಪ್ಪನೂ ಅಣ್ಣನೂ ನೇರವಾಗಿ ಒಂದು ಮಾತಾಡಿದರೆ ಪುಟದ ಅಂಚಿನಲ್ಲಿ ಒಂದು ಗೀಟು ಎಳೆಯಬೇಕೆಂದುಕೊಂಡೆ. ಶಿವರಾತ್ರಿ ಬಂದು ಹೋಯಿತು, ಯುಗಾದಿ ಬಂದು ಹೋಯಿತು. ಅಂಚು ಬಿಳಿಯಾಗಿಯೇ ಇತ್ತು.

ಅದಕ್ಕೆ ಕಾರಣ ಜೀಪು. ಅಣ್ಣ ಕರಿಯಣ್ಣ ಲಾರಿಯಲ್ಲಿ ಕ್ಲೀನರ್ ಆಗಿ ಸೇರಿ ಡ್ರೈವಿಂಗ್ ಕಲಿತವನು. ಅದರ ಹಿಂದಿನ ವರ್ಷ ತನ್ನ ಪಾಲಿನ ಕುರಿಗಳನ್ನು, ಎಂದರೆ ಮಂದೆಯ ಅರ್ಧವನ್ನು, ಮಾರಿ ಮಿಲಿಟರಿಯವರು ವಿಲೇವಾರಿ ಮಾಡಿದ್ದ ಒಂದು ಹಳೆಯ ಪೆಟ್ರೋಲ್ ಜೀಪು ತಂದ. ಬಾಡಿಗೆಗೆ ಓಡಿಸುವ ಯೋಚನೆ. ಕುರಿ ಹೊಡೆದುಕೊಂಡು ಹೋದ ದಿನ ಅಪ್ಪ ರೊಪ್ಪದ ಬಾಗಿಲಲ್ಲಿ ನಿಂತು ಉಳಿದವನ್ನು ಎಣಿಸಿದ. ಎಣಿಕೆ ಬೇಗ ಮುಗಿದುಹೋಯಿತು. ಅಲ್ಲಿಂದಾಚೆಗೆ ಮಗನಿಗೆ ಹೇಳುವುದೇನಿದ್ದರೂ ಅವ್ವನ ಮೂಲಕವೇ. ಅಣ್ಣ ಎದುರಿಗೇ ಕುಳಿತಿದ್ದರೂ, “ಆ ಡ್ರೈವರ್‌ಗೆ ಇನ್ನೊಂದು ಮುದ್ದೆ ಬೇಕಾ ಕೇಳೆ” ಎನ್ನುತ್ತಿದ್ದ.

ಆ ಜೀಪಿನಲ್ಲಿ ಎಂಜಿನ್ನಿನ ಬಲ ನಾಲ್ಕು ಗಾಲಿಗಳಿಗೂ ಹೋಗುತ್ತಿತ್ತು. ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಚಿಕ್ಕ ಗೇರ್‌ಬಾಕ್ಸ್. ಅದರಿಂದ ಹಿಂದಕ್ಕೊಂದು, ಮುಂದಕ್ಕೊಂದು ಉದ್ದ ಶಾಫ್ಟ್. ಕೆಸರು, ಮರಳು, ಗುಡ್ಡ ಯಾವುದಕ್ಕೂ ನಿಲ್ಲುತ್ತಿರಲಿಲ್ಲ. ಆದರೆ ಕುಡಿಯುತ್ತಿತ್ತು. ಅಣ್ಣ ಅದನ್ನು ತಂದ ಹೊತ್ತಿಗೇ ಪೆಟ್ರೋಲ್ ಬೆಲೆ ಏರಿ, ಬಾಡಿಗೆಗೆ ಕರೆಯುವವರೇ ಇಲ್ಲವಾದರು. ಜೀಪು ಹೊಂಗೆ ಮರದ ಕೆಳಗೆ ನಿಂತಿತು. ಅದರ ಹಿಂದಿನ ಸೀಟಿನಲ್ಲಿ ಅವ್ವನ ಕೋಳಿ ಮೊಟ್ಟೆ ಇಟ್ಟು ಕಾವಿಗೆ ಕುಳಿತಾಗ ಅಣ್ಣ ಅದನ್ನು ಎಬ್ಬಿಸಲೂ ಇಲ್ಲ.

ಚಿತ್ರದುರ್ಗದಲ್ಲಿ ನೆಲದೊಳಗಿನ ನೀರು ಹುಡುಕುವ ಸರ್ವೆಯ ಆಫೀಸೊಂದು ಇತ್ತು. ಒಂದು ವರ್ಷಕ್ಕೆ ಬಾಡಿಗೆ ಜೀಪು ಬೇಕಾಗಿದೆಯೆಂದು ಅಲ್ಲಿಂದ ಸುದ್ದಿ ಬಂತು. ಷರತ್ತು ಒಂದೇ. ಅವರು ಕೊಡುವ ಒಂದು ಜೆರಿಕ್ಯಾನ್, ಎಂದರೆ ಇಪ್ಪತ್ತು ಲೀಟರಿನ ಡಬ್ಬದಷ್ಟು, ಪೆಟ್ರೋಲಿನಲ್ಲಿ ಜೀಪು ಚಿತ್ರದುರ್ಗದಿಂದ ಹೊರಟು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸುತ್ತಿ ಮತ್ತೆ ಚಿತ್ರದುರ್ಗಕ್ಕೆ ಬಂದು ನಿಲ್ಲಬೇಕು. ನಮ್ಮ ಜೀಪಿಗೆ ಅದು ಆಗದ ಮಾತು. ಮುಂದಿನ ಗಾಲಿಗಳಿಗೆ ಹೋಗುವ ಬಲವನ್ನು ಪೂರ್ತಿ ಬಿಡಿಸಿ, ಹಿಂದಿನ ಎರಡು ಗಾಲಿಯ ಮೇಲೆಯೇ ಓಡುವ ಹಾಗೆ ಮಾಡಿದರೆ ಆದೀತು ಎಂದು ಯಾರೋ ಹೇಳಿದರು. ಅಣ್ಣ ಕೋಳಿ, ಮರಿ ಎಲ್ಲವನ್ನೂ ಬುಟ್ಟಿಗೆ ಹಾಕಿ ಅವ್ವನಿಗೆ ಕೊಟ್ಟು ಜೀಪನ್ನು ದುರ್ಗಕ್ಕೆ, ಎಂದರೆ ಚಿತ್ರದುರ್ಗಕ್ಕೆ, ತಂದ. ಈ ಬಾಡಿಗೆ ಸಿಕ್ಕರೆ ಜೀಪು ಉಳಿಯುತ್ತದೆ, ಕುರಿ ಮಾರಿದ್ದು ದಂಡವಲ್ಲ ಎಂದು ಅಪ್ಪನಿಗೂ ಕಾಣುತ್ತದೆ ಎಂಬುದು ಅವನ ತಲೆಯಲ್ಲಿತ್ತು. ಎರಡನೆಯದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ.

“ನಾಕು ಕಾಲಿಂದು ಮಾರಿ ನಾಕು ಗಾಲಿದು ತಂದ. ಈಗ ಅದ್ರಾಗೂ ಎರಡು ಸುಮ್ಕೆ ಉರುಳ್ತವಂತೆ” ಎಂದು ಅಪ್ಪ ಅವ್ವನಿಗೆ ಹೇಳಿದ.

ಬಾಷಾ ಸಾಬ್ರ ವರ್ಕ್‌ಶಾಪು ದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ಇತ್ತು. ಮೇಲೆ ತಗಡು, ಮೂರು ಕಡೆ ಬಯಲು. ಅಲ್ಲಿಂದ ತಲೆಯೆತ್ತಿದರೆ ಜೋಗಿಮಟ್ಟಿ ಬೆಟ್ಟ ಕಾಣುತ್ತಿತ್ತು. ಚೈತ್ರದ ಬಿಸಿಲಿಗೆ ಅದೂ ಕಂದು ಬಣ್ಣಕ್ಕೆ ತಿರುಗಿತ್ತು. ಸಾಬ್ರು ಮೆತ್ತಗಿನ ಮನುಷ್ಯ. ಯಾವ ಗಾಡಿ ಬಂದರೂ ಮೊದಲು ಅದರ ಸುತ್ತ ಒಂದು ಸಲ ನಡೆದು, ಆಮೇಲೆ ಚಹಾ ತರಿಸಿ, ಕುಡಿದು ಮುಗಿಸಿದ ಮೇಲೆಯೇ ಬೋಲ್ಟು ತಿರುಗಿಸುವ ಪಾನಾ ಮುಟ್ಟುತ್ತಿದ್ದರು.

“ಕೆಲಸ ದೊಡ್ಡದಲ್ಲ ಕರಿಯಣ್ಣ” ಎಂದರು. “ಮುಂದಿನ ಶಾಫ್ಟ್ ಬಿಚ್ಚಾದು. ಗಾಲಿ ನಡುವಿನ ಹಬ್ಬಿನ ಮೂತೀಲಿ ಆಕ್ಸಲ್ ಹಿಡ್ಕಂಡಿರೋ ಬಿಲ್ಲೆ ತೆಗೆದು ತಗಡಿನ ಮುಚ್ಚಳ ಹಾಕಾದು. ಆಮ್ಯಾಲೆ ಮುಂದಿನ ಗಾಲಿ ಅಂದ್ರೆ ಎತ್ತಿನ ಗಾಡಿ ಗಾಲಿ ಇದ್ದಂಗೆ. ಎಳದ್ರೆ ಉರುಳ್ತವೆ.”

ದೊಡ್ಡದಲ್ಲದ ಆ ಕೆಲಸ ಮುಗಿಯುವ ಹಾಗೆಯೇ ಕಾಣಲಿಲ್ಲ. ಯಾವ ಯಾವ ಕೆಸರಿನಲ್ಲಿ ಓಡಿತ್ತೋ, ಬೋಲ್ಟುಗಳೆಲ್ಲ ತುಕ್ಕು ಹಿಡಿದು ಒಂದಾಗಿದ್ದವು. ಸೀಮೆಎಣ್ಣೆ ಬಿಟ್ಟು ಒಂದು ದಿನ ಕಾಯಬೇಕು, ಮಾರನೆಯ ದಿನ ತಿರುಗಿಸಿದರೆ ಬೋಲ್ಟಿನ ತಲೆ ಮುರಿಯಬೇಕು, ಅದನ್ನು ಕೊರೆದು ತೆಗೆಯಲು ಲೇಥಿನವನ ಹತ್ತಿರ ಹೋದರೆ ಅಲ್ಲಿ ಕರೆಂಟು ಇರಬಾರದು. ನಾನು ಕ್ಲಾಸು ಮುಗಿಸಿ ಹಾಸ್ಟೆಲ್ಲಿನಿಂದ ಅಣ್ಣನಿಗೆ ಊಟದ ಡಬ್ಬಿ ತರುತ್ತಿದ್ದೆ. ಜೀಪಿನ ಕೆಳಗಿಂದ ಅವನ ಎರಡು ಕಾಲು ಮಾತ್ರ ಕಾಣುತ್ತಿದ್ದವು. “ಇಡು” ಎನ್ನುತ್ತಿದ್ದ. ನಾನು ಇಟ್ಟು, ಡಬ್ಬದಲ್ಲಿದ್ದ ನಟ್ಟು ಬೋಲ್ಟುಗಳನ್ನು ಮುಂದಿನದು ಬೇರೆ, ಹಿಂದಿನದು ಬೇರೆ ಎಂದು ವಿಂಗಡಿಸಿ, ಸೀಮೆಎಣ್ಣೆಯ ವಾಸನೆಯ ಕೈಯಲ್ಲೇ ಶಿಕ್ಷಣ ಮನೋವಿಜ್ಞಾನ ಓದಲು ಹಿಂದಿರುಗುತ್ತಿದ್ದೆ. ಪರೀಕ್ಷೆ ಹತ್ತಿರವಿತ್ತು. ದಿನಚರಿಯಲ್ಲಿ ಆ ದಿನಗಳ ಮುಂದೆ ಇರುವುದು ಹೆಚ್ಚಾಗಿ ಒಂದೇ ಮಾತು. ಸೆಕೆ.

ಶಾಫ್ಟ್ ಬಿಚ್ಚಿಕೊಂಡ ದಿನ ಅಣ್ಣ ಅದನ್ನು ಕೈಯಲ್ಲಿ ತೂಗಿ ನೋಡಿದ. ಆಮೇಲೆ ಅವನಿಗೆ ಗಾಡಿಯ ಭಾರ ಇಳಿಸುವ ಹುಚ್ಚು ಹತ್ತಿತು. ಮುಂದಿನ ಕೊಕ್ಕೆ, ಪೆಟ್ರೋಲ್ ಡಬ್ಬ ಕಟ್ಟುವ ಕಬ್ಬಿಣ, ಹಿಂದಿನ ಮೆಟ್ಟಿಲು, ಎಲ್ಲವನ್ನೂ ಬಿಚ್ಚಲು ನಿಂತ.

“ಏನಪ್ಪ, ಗಾಡಿ ಉಳಿಸ್ತೀಯೋ ಇಲ್ವೋ” ಎಂದರು ಸಾಬ್ರು.

“ಉಣ್ಣೆ ಕತ್ತರಿಸಿದ ಕುರಿ ಬಿಸಿಲಾಗೂ ದೂರ ನಡೀತೈತೆ ಸಾಬ್ರೆ. ಭಾರ ಹೊರಿಸಿ ಓಡು ಅಂದ್ರೆ ಯಾವ್ದು ಓಡ್ತೈತೆ?”

“ಕುರಿ ಬೇರೆ, ಜೀಪು ಬೇರೆ.”

“ಎರಡಕ್ಕೂ ಹೊಟ್ಟೆ ಐತೆ, ಬಿಡ್ರಿ.”

ಚಿಕ್ಕ ಗೇರ್‌ಬಾಕ್ಸಿನ ಮುಂದಿನ ಬಾಯಿಯಲ್ಲಿ ಶಾಫ್ಟನ್ನು ಹಿಡಿದುಕೊಳ್ಳುವ ಒಂದು ದಪ್ಪ ಕಬ್ಬಿಣದ ಕವೆ ಉಳಿದಿತ್ತು. ಶಾಫ್ಟೇ ಇಲ್ಲದ ಮೇಲೆ ಅದು ಸುಮ್ಮನೆ ತಿರುಗುತ್ತದೆ, ಅದನ್ನೂ ತೆಗೆಯಿರಿ ಎಂದ ಅಣ್ಣ. ಸಾಬ್ರು ಬೇಡವೆಂದರು. ಆಯಿಲ್ ಹೊರಗೆ ಬರದಂತೆ ತಡೆಯುವ ಸೀಲು ಆ ಕವೆಯ ಮೇಲೆಯೇ ಕುಳಿತಿತ್ತು. ಕವೆ ತೆಗೆದರೆ ಬಾಯಿ ತೆರೆದುಕೊಳ್ಳುತ್ತದೆ. ಅಣ್ಣ ಬಿಡಲಿಲ್ಲ. ಎರಡು ದಿನ ಅದೇ ಮಾತು. ಕೊನೆಗೆ ಸಾಬ್ರು ಸಾಕಾಗಿ, “ಆಯ್ತು ಕಣಪ್ಪ. ತಗಡಿನ ಪ್ಲೇಟು ಮಾಡಿ ಮುಚ್ಚಾಣ. ಒಳಗೆ ಎಣ್ಣೆ ಕುಡಿಯೋ ಅಂಥ ಉಣ್ಣೆ ಫೆಲ್ಟು ಬೇಕು. ಪೇಟೇಲಿ ಸಿಗಾಕಿಲ್ಲ” ಎಂದರು. ನನ್ನ ಕಡೆ ತಿರುಗಿ, “ಪಾರ್ವತಮ್ಮ, ಭಾನುವಾರ ಊರಿಗೆ ಹೋದ್ರೆ ಒಂದು ಹಳೇ ಕಂಬಳಿ ತುಂಡು ತಗಂಬಾ. ಕಂಬಳಿಗಿಂತ ಒಳ್ಳೆ ಫೆಲ್ಟು ಇನ್ನೆಲ್ಲೈತೆ?” ಎಂದರು.

ನಾನು ಹಟ್ಟಿಗೆ ಹೋಗಿ ಕೇಳಿದೆ. ಅವ್ವ ಮುಖ ಕಿವಿಚಿದಳು. ನಮ್ಮ ಮನೆಯಲ್ಲಿ ಹಳೆಯ ಕಂಬಳಿಗೆ ಕತ್ತರಿ ತಾಗಿಸುವ ಪದ್ಧತಿ ಇಲ್ಲ. ಒಂದು ಸಲ ದೇವರ ಗದ್ದುಗೆಗೆ ಹಾಸಿದ ಕಂಬಳಿ ಹೊದೆದು ಹೊದೆದು ಎಳೆಎಳೆಯಾಗಿ ತಾನೇ ಮುಗಿಯಬೇಕು. ಮನೆಯಲ್ಲಿದ್ದ ಹಳೆಯ ಕಂಬಳಿಯೆಂದರೆ ಅಪ್ಪನದು. ನಮ್ಮಿಬ್ಬರ ನಾಮಕರಣಕ್ಕೂ ಅದನ್ನೇ ಹಾಸಿದ್ದರು.

“ಹಳೇದು ಕತ್ತರಿಸಬಾರದು, ಪಾರಿ. ಅವ್ರಿಗೆ ಹೇಳು, ಬ್ಯಾರೆ ಏನಾರ ನೋಡ್ಕಳ್ಲಿ ಅಂತ” ಎಂದಳು ಅವ್ವ.

ಅಪ್ಪ ಜಗುಲಿಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಕೇಳಿಸಿಕೊಂಡಂತೆ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಒಳಗೆ ಹೋದ. ಹಿಂದಿನ ದಿನವಷ್ಟೇ ಮಗ್ಗದಿಂದ ಇಳಿಸಿದ್ದ, ಇನ್ನೂ ಯಾರೂ ಹೊದೆಯದ ಕಂಬಳಿಯನ್ನು ತಂದು ಅಂಗಳದಲ್ಲಿ ಹಾಸಿದ. ಉಣ್ಣೆ ಕತ್ತರಿಸುವ ಕತ್ತರಿಯಿಂದ ಅದರ ಒಂದು ಮೂಲೆಯನ್ನು ಕತ್ತರಿಸಿದ. ಕಂಬಳಿ ಗಟ್ಟಿಯಾಗಿತ್ತು, ಕತ್ತರಿ ಕರಕರ ಎಂದಿತು. ಮೂಲೆ ಹೋದ ಕಂಬಳಿಯನ್ನು ಯಾವ ಸಂತೆಯಲ್ಲೂ ಯಾರೂ ಕೊಳ್ಳುವುದಿಲ್ಲ. ಅದು ಅಪ್ಪನಿಗೆ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಅವ್ವ ಬಾಯಿಗೆ ಸೆರಗು ಹಿಡಿದುಕೊಂಡು ನಿಂತಿದ್ದಳು.

“ಹೊಸಾದೇ ಇರ್ಲಿ. ಗಾಡಿಗೆ ಹಳೇದು ಯಾಕೆ” ಎಂದು ಅಪ್ಪ ತುಂಡನ್ನು ನನ್ನ ಕೈಗೆ ಕೊಟ್ಟ.

ನಾನು ಅದನ್ನು ಪುಸ್ತಕದೊಳಗಿಟ್ಟುಕೊಂಡು ದುರ್ಗಕ್ಕೆ ತಂದೆ. ಅಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. “ಅಪ್ಪ ಕೊಟ್ನಾ? ತಾನಾಗೇ?” ಎಂದು ಕೇಳಿದ. ಹೌದೆಂದೆ. ಅವನು ಕೈಯ ಗ್ರೀಸನ್ನು ಚೊಕ್ಕ ಒರೆಸಿಕೊಂಡು ಬಂದು ಇನ್ನೊಮ್ಮೆ ಮುಟ್ಟಿ ನೋಡಿದ. ಸಾಬ್ರೂ ಬೆರಗಾದರು. “ಹೊಸಾ ಕಂಬಳಿನೇ ಕತ್ತರಿಸಿದ್ರಾ ಯಜಮಾನ್ರು” ಎಂದು ಅದನ್ನು ದುಂಡಗೆ ಕತ್ತರಿಸಿ ಗೇರ್ ಆಯಿಲಿನಲ್ಲಿ ನೆನೆಹಾಕಿದರು. ಮಾರನೆಯ ದಿನ ತೆಗೆದರೆ ಅದು ಸೆಟೆದುಕೊಂಡೇ ಇತ್ತು. ಬಾಯಿಗೆ ಸರಿಯಾಗಿ, ಬಿಗಿಯಾಗಿ ಕುಳಿತಿತು. ಪ್ಲೇಟು ಬಿಗಿಸಿದರು. ಒಂದು ಹನಿಯೂ ಇಳಿಯಲಿಲ್ಲ. ಎಲ್ಲರಿಗೂ ಸಮಾಧಾನವಾಯಿತು.

ಹೊಸ ಕಂಬಳಿಯಲ್ಲಿ ಗಂಜಿ ಇರುತ್ತದೆಂದು ಅಪ್ಪನಿಗೆ ಗೊತ್ತಿಲ್ಲದೆ ಇಲ್ಲ. ಬಿಸಿ ಎಲ್ಲಿ ಹತ್ತುತ್ತದೆಂದು ಸಾಬ್ರಿಗೆ ಗೊತ್ತಿಲ್ಲದೆ ಇಲ್ಲ. ಅಣ್ಣನೂ ನಾನೂ ಎರಡನ್ನೂ ಬಲ್ಲವರೇ. ಆದರೆ ಆ ತುಂಡನ್ನು ನೋಡಿದಾಗ ನಮಗೆ ಕಂಡದ್ದು ಅಪ್ಪ ಕೊಟ್ಟದ್ದು ಎಂಬುದು ಮಾತ್ರ.

ಪರೀಕ್ಷೆ ಮುಗಿಯಿತು. ಮುಂಗಾರು ಎರಡು ದಿನ ಬಂದು ಹೋಯಿತು. ಆಫೀಸಿನವರು ಇವತ್ತು ನಾಳೆ ಎನ್ನುತ್ತಾ ಆಷಾಢದವರೆಗೂ ತಳ್ಳಿದರು. ಕೊನೆಗೆ ಒಂದು ಬೆಳಿಗ್ಗೆ ಜೀಪು ಹೊರಟಿತು. ಅಣ್ಣನ ಪಕ್ಕದಲ್ಲಿ ಆಫೀಸಿನ ಎಂಜಿನಿಯರ್, ಹಿಂದೆ ಬಾಷಾ ಸಾಬ್ರು ಮತ್ತು ನಾನು. ಮೈಲಿ ಮತ್ತು ಹೊತ್ತು ಬರೆದುಕೊಳ್ಳಲು ಅಣ್ಣ ನನ್ನನ್ನು ಕರೆದಿದ್ದ. ಎಂಜಿನಿಯರ್ ವಯಸ್ಸಿನಲ್ಲಿ ಅಣ್ಣನಿಗಿಂತ ಸ್ವಲ್ಪ ದೊಡ್ಡವರಿರಬೇಕು. ಕಣ್ಣ ಕೆಳಗೆ ಕಪ್ಪಾಗಿತ್ತು. ಅವರು ತಾವೇ ನಿಂತು ಜೆರಿಕ್ಯಾನಿನ ಪೆಟ್ರೋಲನ್ನು ಟ್ಯಾಂಕಿಗೆ ಸುರಿಸಿ, ಮುಚ್ಚಳಕ್ಕೆ ದಾರ ಸುತ್ತಿ ಅರಗು ಒತ್ತಿದರು.

“ಇದು ಮೂರನೇ ಜೀಪ್ರೀ ನಾನು ಹತ್ತುತ್ತಿರೋದು” ಎಂದರು. “ಒಂದು ಹೊಸದುರ್ಗ ಮುಟ್ಟಲಿಲ್ಲ, ಇನ್ನೊಂದು ಹಿರಿಯೂರಿನಲ್ಲೇ ನಿಂತು ಹೋಯ್ತು. ನಾನು ಬಸ್ಸಲ್ಲಿ ಬಂದೆ.”

“ಇದು ಬರ್ತೈತೆ ಸಾರ್” ಎಂದ ಅಣ್ಣ.

“ಬರಲಿ ಅಂತಲೇ ನನಗೂ ಆಸೆ. ಸೊಂಟ ಹೋಗಿದೆ.”

ದುರ್ಗದ ಆಷಾಢದ ಗಾಳಿ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಟಾರ್ಪಾಲು ಪಟಪಟ ಬಡಿಯುತ್ತಿತ್ತು. ಆದರೂ ಜೀಪು ಹಗುರವಾಗಿ ಹೋಗುತ್ತಿತ್ತು. ಇಳಿಜಾರು ಬಂದಾಗ ಅಣ್ಣ ಕಾಲು ತೆಗೆದರೆ ಅದು ಮುಂಚಿನಂತೆ ತಡೆಯದೆ ತನ್ನಷ್ಟಕ್ಕೆ ಉರುಳುತ್ತಿತ್ತು. ಹೊಳಲ್ಕೆರೆಯಲ್ಲಿ ಕಾಫಿ ಕುಡಿದೆವು. ಹೊಸದುರ್ಗದ ದಾರಿಯ ತೆಂಗಿನ ತೋಟಗಳಲ್ಲಿ ಗರಿಗಳೆಲ್ಲ ಒಂದೇ ಕಡೆಗೆ ಬಾಗಿದ್ದವು. ಹೊಸದುರ್ಗದಲ್ಲಿ ಎಂಜಿನಿಯರ್ ಅರಗು ಒಡೆದು, ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿ, ಇನ್ನೊಮ್ಮೆ ಇಳಿಸಿ ನೋಡಿದರು. ಅರ್ಧ ದಾರಿ ಇನ್ನೂ ಮುಗಿದಿರಲಿಲ್ಲ, ಪೆಟ್ರೋಲು ಅರ್ಧಕ್ಕಿಂತ ಎಷ್ಟೋ ಮೇಲಿತ್ತು. ಅವರು ಅಣ್ಣನ ಬೆನ್ನ ಮೇಲೆ ಕೈಯಿಟ್ಟು, ಹೋಗಿ ಕುಳಿತರು. ಸಾಬ್ರು ನನ್ನನ್ನು ನೋಡಿ ಕಣ್ಣಲ್ಲೇ ನಕ್ಕರು.

ಹೊಸದುರ್ಗ ದಾಟಿ, ಮಾರಿಕಣಿವೆ ಅಣೆಕಟ್ಟಿನ ಹತ್ತಿರದ ಏರು ಇಳಿಜಾರುಗಳಲ್ಲಿ ವಾಸನೆ ಶುರುವಾಯಿತು. ಮೊದಲು ನನಗೆ ಅವ್ವನ ಗಂಜಿ ತಳಹಿಡಿದಾಗಿನ ವಾಸನೆಯಂತೆ ಕಂಡಿತು. ಇಲ್ಲೆಲ್ಲಿ ಅವ್ವ ಎಂದುಕೊಂಡೆ.

“ಯಾರೋ ಹೊಲದಲ್ಲಿ ಏನೋ ಸುಡ್ತಿರಬೇಕು” ಎಂದರು ಎಂಜಿನಿಯರ್.

ಯಾರೂ ಏನೂ ಸುಡುತ್ತಿರಲಿಲ್ಲ. ಸಾಬ್ರು ಬಗ್ಗಿ ಕಾಲಡಿಯ ತಗಡಿಗೆ ಕೈಯಿಟ್ಟು ಥಟ್ಟನೆ ತೆಗೆದರು. “ಕರಿಯಣ್ಣ, ನಿಧಾನ” ಎಂದರು. ಅಣ್ಣ ಸ್ಟೀರಿಂಗಿನ ಮೇಲೆ ಇನ್ನಷ್ಟು ಬಗ್ಗಿದ. ಅವನ ಕತ್ತಿನ ನರ ಕಾಣುತ್ತಿತ್ತು. ಹಿಟ್ಟಿನ ಗಿರಣಿಗೆ ಕಲ್ಲು ಬಿದ್ದಂಥ ಸದ್ದು ಕೆಳಗಿಂದ ಬರತೊಡಗಿತು. ಹಾಗೆಯೇ ಒಂದಷ್ಟು ದೂರ ಹೋದೆವು. ನಮ್ಮ ಹಟ್ಟಿಯ ಹೊಂಗೆ ಮರ ಕಾಣುವಷ್ಟು ಹತ್ತಿರ ಬಂದಾಗ ಜೀಪು ಒಮ್ಮೆ ಜಗ್ಗಿ, ಹಿಂದಿನ ಗಾಲಿಗಳನ್ನು ಎಳೆದುಕೊಂಡು ನಿಂತಿತು.

ರಸ್ತೆಯ ಪಕ್ಕದಲ್ಲಿ ಅಪ್ಪ ನಿಂತಿದ್ದ. ಮಂದೆಯನ್ನು ಅಪ್ಪ ರಸ್ತೆಯ ಕಡೆ ಎಂದೂ ತರುವವನಲ್ಲ. ಲಾರಿಗಳಿಗೆ ಮರಿ ಬೆದರುತ್ತವೆ. ಅವತ್ತು ತಂದಿದ್ದ. ಜೀಪು ಹೋಗುವುದನ್ನು ನೋಡಲಿಕ್ಕೆ ಬಂದಿದ್ದನೆಂದು ಅವನು ಹೇಳಲಿಲ್ಲ. ನಾವು ಕೇಳಲೂ ಇಲ್ಲ.

ಸಾಬ್ರು ಜೀಪಿನ ಕೆಳಗೆ ಹೋದರು. ಅಣ್ಣನೂ ಹೋದ. ಗೇರ್‌ಬಾಕ್ಸಿನಲ್ಲಿ ಆಯಿಲ್ ಇರಲಿಲ್ಲ. ದಾರಿಯುದ್ದಕ್ಕೂ ಚೆಲ್ಲಿಕೊಂಡು ಬಂದಿತ್ತು. ಪ್ಲೇಟು ಬಿಚ್ಚಿದಾಗ ಕಂಬಳಿಯ ತುಂಡು ಹೊರಬಂತು. ಕಪ್ಪಗೆ, ಹಪ್ಪಳದಂತೆ ಮುದುಡಿತ್ತು. ಉಣ್ಣೆಯ ಎಳೆಯೆಳೆಯಲ್ಲೂ ಗಂಜಿ ಮೊದಲೇ ತುಂಬಿಕೊಂಡಿದ್ದರಿಂದ ಅದು ಆಯಿಲ್ ಕುಡಿದೇ ಇರಲಿಲ್ಲ. ಬಿಸಿಗೆ ಗಂಜಿ ಒಣಗಿ ಪುಡಿಯಾಗಿ, ತುಂಡು ಮುದುರಿ ಬಾಯಿ ಬಿಟ್ಟಿತ್ತು. ನಾನು ಬಗ್ಗಿ ನೋಡುತ್ತಿದ್ದೆ. ಅಣ್ಣ ಆ ಬಿಸಿ ತುಂಡನ್ನು ಹಾಗೆಯೇ ಅಂಗಿಯ ಜೇಬಿಗೆ ಹಾಕಿಕೊಂಡ.

“ಏನಾಯ್ತಂತೆ?” ಎಂದು ಅಪ್ಪ ಕೇಳಿದ. ಕೇಳಿದ್ದು ನನ್ನನ್ನು.

“ಬೋಲ್ಟು” ಎಂದ ಅಣ್ಣ ಕೆಳಗಿನಿಂದಲೇ. “ಬೋಲ್ಟು ಸಡ್ಲ ಆಗಿತ್ತು.”

ಸಾಬ್ರು ಹೊರಗೆ ಬಂದರು. ಅವರೂ ಜೇಬನ್ನು ನೋಡಿದ್ದರು. “ನಂದೇ ತಪ್ಪು ಯಜಮಾನ್ರೆ. ಸರಿಯಾಗಿ ಬಿಗಿ ಮಾಡಿರ್ಲಿಲ್ಲ” ಎಂದರು. ಮೂವತ್ತು ವರ್ಷ ಪಾನಾ ಹಿಡಿದ ಮನುಷ್ಯ ಎಂಜಿನಿಯರ್ ಎದುರಿಗೇ ಹಾಗೆಂದರು.

ಎಂಜಿನಿಯರ್ ಟ್ಯಾಂಕಿಗೆ ಕೊನೆಯ ಸಲ ಕಡ್ಡಿ ಇಳಿಸಿದರು. ಅದು ಒದ್ದೆಯಾಗಿದ್ದಷ್ಟು ಪೆಟ್ರೋಲು ದುರ್ಗಕ್ಕೆ ಹೋಗಿ ಇನ್ನೂ ಉಳಿಯುತ್ತಿತ್ತು. ಅವರು ಕಡ್ಡಿಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. “ಪೆಟ್ರೋಲಿನಲ್ಲಿ ನೀವು ಗೆದ್ರಿ ಕರಿಯಣ್ಣ. ಆದರೆ ನಾನು ಬರೆಯಬೇಕಾಗಿರೋದು ಜೀಪು ವಾಪಸ್ ಬಂತಾ ಇಲ್ವಾ ಅಂತ. ನಾಲ್ಕನೇದು ನಾಡಿದ್ದು ಇದೆ” ಎಂದರು. ಹಿರಿಯೂರಿನ ಕಡೆ ಹೋಗುವ ಬಸ್ಸು ಬಂತು. ಸೊಂಟ ಹಿಡಿದುಕೊಂಡು ಹತ್ತಿ ಹೋದರು.

ಅಪ್ಪ ಅಲ್ಲಿಯೇ ನಿಂತಿದ್ದ. ಗಾಳಿ ಜೀಪಿನ ಕಡೆಯಿಂದ ಅವನ ಕಡೆಗೇ ಬೀಸುತ್ತಿತ್ತು. ಅವನು ಮೂಗು ಸ್ವಲ್ಪ ಎತ್ತಿದ. ಜೀವಮಾನವೆಲ್ಲ ಆ ಗಂಜಿಯ ಮುಂದೆ ಕುಳಿತವನು. ಅಣ್ಣನ ಜೇಬಿನ ಮೇಲೆ ಎಣ್ಣೆಯ ಕಲೆ ಹರಡುತ್ತಿತ್ತು. ಅಪ್ಪ ಅದನ್ನೂ ನೋಡಿದ. ಆಮೇಲೆ ಹೋ ಎಂದು ಕೂಗಿ, ಕುರಿಗಳನ್ನು ತಿರುಗಿಸಿಕೊಂಡು ಹಟ್ಟಿಯ ಕಡೆ ಹೋದ.

ನಾವು ಜೀಪನ್ನು ಎತ್ತುಗಳಿಗೆ ಕಟ್ಟಿ ಎಳೆಸಿಕೊಂಡು ಹೋಗಿ ಹೊಂಗೆ ಮರದ ಕೆಳಗೆ ನಿಲ್ಲಿಸಿದೆವು. ಅವ್ವ ಸಾಬ್ರಿಗೆ ಕೈಕಾಲಿಗೆ ನೀರು ಕೊಟ್ಟಳು. “ಕುಂತ್ಕಳ್ರಿ, ಊಟ ಮಾಡಿಕಂಡು ಹೋಗ್ರಿ” ಎಂದಳು. ಅಣ್ಣ ಜೀ‌ಪಿನ ಗಾಲಿಗೆ ಒರಗಿ ಕುಳಿತಿದ್ದ. ಅಳುತ್ತಿರಲಿಲ್ಲ, ಕೋಪವೂ ಇರಲಿಲ್ಲ. ನಾಲ್ಕು ತಿಂಗಳ ಸುಸ್ತು ಒಟ್ಟಿಗೆ ಬಂದು ಅವನನ್ನು ಹಾಗೆ ಒರಗಿಸಿತ್ತು. ನನಗೂ ಹೋಗಿ ಸಮಾಧಾನ ಹೇಳುವಷ್ಟು ತ್ರಾಣವಿರಲಿಲ್ಲ. ಕೋಳಿ ಬಂದು ಹಿಂದಿನ ಸೀಟಿನ ಮೇಲೆ ಹಾರಿ ಕುಳಿತಿತು.

ಇನ್ನೂ ಬೆಳಕಿರುವಾಗಲೇ ಅಪ್ಪ ರೊಪ್ಪದ ಕೆಲಸ ಮುಗಿಸಿ ಬಂದ. ಹೆಗಲ ಮೇಲೆ ಹಳೆಯ ಕಂಬಳಿ, ಕೈಯಲ್ಲಿ ಉಣ್ಣೆಯ ಕತ್ತರಿ. ಬಂದವನು ಜೀಪಿನ ಮುಂದೆ ಕಂಬಳಿಯನ್ನು ಹಾಸಿ, ಮಂಡಿಯೂರಿದ. ಎಷ್ಟೋ ವರ್ಷ ತೊಳೆದು, ನೆನೆದು, ಒಣಗಿ ಅದು ಬಟ್ಟೆಯಂತೆ ಮೆತ್ತಗಾಗಿತ್ತು.

“ಎಷ್ಟಗಲ ಬೇಕ್ರಿ ಸಾಬ್ರೆ?” ಎಂದ.

“ಅದು ಬ್ಯಾಡ್ರಿ ಯಜಮಾನ್ರೆ” ಎಂದರು ಸಾಬ್ರು. ಅವ್ವ ಬಾಗಿಲಲ್ಲಿ, “ಗದ್ದುಗೆಗೆ ಹಾಸಿದ್ದು ಕಣ್ರಿ” ಎಂದಳು.

“ಗೊತ್ತೈತೆ ಸುಮ್ಕಿರೆ.” ಅಪ್ಪ ಕತ್ತರಿಯಿಟ್ಟ. ಮೆತ್ತಗಿನ ಕಂಬಳಿ ಕತ್ತರಿಯ ಬಾಯಿಗೆ ಸಿಗದೆ ಜಾರಿತು. ಇನ್ನೊಮ್ಮೆ ಇಟ್ಟ, ಇನ್ನೊಮ್ಮೆ ಜಾರಿತು. ಆಗ ತಲೆಯೆತ್ತದೆ ಹೇಳಿದ, “ಲೇ ಕರಿಯ, ಆ ಕಡೆ ಹಿಡಿ. ಬಿಗಿಯಾಗಿ.”

ಅಣ್ಣ ಎದ್ದು ಬಂದು ಎದುರಿಗೆ ಮಂಡಿಯೂರಿ ಹಿಡಿದ. “ಹಿಂಗಾ?” ಎಂದ.

“ಹೂಂ. ಇನ್ನೊಸಿ ಎಳಿ.”

ಮೂಲೆ ಕತ್ತರಿಸಿಕೊಂಡಿತು. ಅಪ್ಪ ಕೈ ಚಾಚಿದ. ಅಣ್ಣ ಅರ್ಥವಾಗದವನಂತೆ ನೋಡಿದ. “ಜೇಬಲ್ಲಿರೋದು ಕೊಡು” ಎಂದ ಅಪ್ಪ. ಅಣ್ಣ ಸುಟ್ಟ ತುಂಡನ್ನು ತೆಗೆದುಕೊಟ್ಟ. ಅಪ್ಪ ಅದನ್ನು ಮೂಸಿ ನೋಡಿ, ಬೆರಳಲ್ಲಿ ಉಜ್ಜಿ ಪುಡಿ ಮಾಡಿದ. “ಒಗೆದು ಕೊಡಬೇಕಿತ್ತು” ಎಂದ. ಅಣ್ಣ, “ಬೋಲ್ಟೂ ಸಡ್ಲ ಇತ್ತಪ್ಪ” ಎಂದ. “ಇತ್ತೇನೋ” ಎಂದ ಅಪ್ಪ.

ಅವತ್ತು ದಿನಚರಿಯ ಅಂಚಿನಲ್ಲಿ ಗೀಟು ಎಳೆಯಲು ಕುಳಿತೆ. ಎಷ್ಟು ಎಂದು ಹೊಳೆಯಲಿಲ್ಲ. ಎಳೆಯದೆ ಮಲಗಿದೆ.

ನಾಲ್ಕನೆಯ ಜೀಪು ಸುತ್ತು ಮುಗಿಸಿ ಬಂತಂತೆ. ಬಾಡಿಗೆ ಅದಕ್ಕೆ ಹೋಯಿತು. ಸಾಬ್ರು ಬೇರೆ ಗೇರು ಹುಡುಕಿ ತಂದು ನಮ್ಮದನ್ನು ಸರಿಮಾಡಲು ಇನ್ನೊಂದು ತಿಂಗಳು ಹಿಡಿಯಿತು. ಅಣ್ಣ ಅದರಲ್ಲಿ ಮೂರು ವರ್ಷ ಹಿರಿಯೂರಿನಿಂದ ದುರ್ಗಕ್ಕೆ ಈರುಳ್ಳಿ, ಶೇಂಗಾ, ಸಿರಿಗೆರೆಯ ಹಾಸ್ಟೆಲ್ಲಿಗೆ ಹೋಗುವ ಹುಡುಗರ ಟ್ರಂಕು ಎಲ್ಲ ಹೊತ್ತ. ಅಂಥ ಲಾಭವೇನೂ ಆಗಲಿಲ್ಲ. ಮಾರಿದ ಕುರಿಗಳು ತಿರುಗಿ ಬರಲಿಲ್ಲ. ಹೋದ ವರ್ಷ ಹೊಳಲ್ಕೆರೆಯವರೊಬ್ಬರಿಗೆ ಜೀಪು ಕೊಟ್ಟು ಲಾರಿಗೆ ಹೋದ. ಕೊಂಡವರಿಗೆ ಬ್ರೇಕು, ಕ್ಲಚ್ಚು ಎಲ್ಲದರ ಹಣೆಬರಹ ಹೇಳಿ, “ಗೇರ್‌ಬಾಕ್ಸಿನ ಮುಂದೊಂದು ತಗಡಿನ ಪ್ಲೇಟೈತೆ. ಅದನ್ನ ಮಾತ್ರ ಬಿಚ್ಚಬ್ಯಾಡ್ರಿ. ಅದು ಸೋರಾಕಿಲ್ಲ” ಎಂದ. ಸೋರಿರಲೂ ಇಲ್ಲ.

ಮೂಲೆಯಿಲ್ಲದ ಹೊಸ ಕಂಬಳಿ ಈಗ ನನ್ನ ಹತ್ತಿರವಿದೆ. ಗಂಜಿಯೆಲ್ಲ ಬಿಟ್ಟು ಮೆತ್ತಗಾಗಿದೆ. ಅಪ್ಪ ಹೊದೆಯುವುದು ಹಳೆಯದನ್ನೇ. ಮಳೆ ಬಂದಾಗ ಕಂಬಳಿಯನ್ನು ಮಡಿಸಿ ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡರೆ ಕತ್ತರಿಸಿದ ಜಾಗ ಅವನ ಎಡ ಭುಜದ ಮೇಲೆ ಬರುತ್ತದೆ, ಅಂಗಿ ಅಷ್ಟು ಒದ್ದೆಯಾಗುತ್ತದೆ. ತೇಪೆ ಹಾಕಿಕೊಡುತ್ತೇನೆಂದು ಅವ್ವ ಎಷ್ಟೋ ಸಲ ಹೇಳಿದ್ದಾಳೆ, ಅಪ್ಪ ಒಪ್ಪಿಲ್ಲ. ಮಡಿಕೆಯನ್ನು ಇನ್ನೊಂದು ಕಡೆಯಿಂದ ಹಾಕಿದರೆ ಆ ಮೂಲೆ ಒಳಗೆ ಸೇರಿ ಭುಜ ನೆನೆಯುವುದಿಲ್ಲ. ಅದನ್ನು ನಮಗೆ ಚಿಕ್ಕಂದಿನಲ್ಲಿ ಕಲಿಸಿದವನು ಅಪ್ಪನೇ.